ಹೊಟ್ಟೆ ಉರಿ, ಸಂಕಟ ಮತ್ತು ಒಂದು ಚಾಟ್‌ಬಾಟ್

ನಮ್ಮ ಭಾಷೆಯಲ್ಲಿ 'ಹೊಟ್ಟೆ ಉರಿ' ಅಂದ್ರೆ ಎರಡು ಅರ್ಥ. ಒಂದು, ಎದುರು ಮನೆಯವರು ಹೊಸ ಕಾರು ತಂದು ನಿಲ್ಲಿಸಿದಾಗ ಬರೋದು. ಇನ್ನೊಂದು, ಮದುವೆ ಮನೆಯಲ್ಲಿ ಖಾರದ ಸಾರನ್ನ ನಾಲ್ಕು ಸಲ ಹಾಕಿಸ್ಕೊಂಡು ಉಂಡ ಮೇಲೆ ಬರೋದು. ಯಾವಾಗ ಯಾವುದು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಆದ್ರೆ ರಾಜಸ್ಥಾನದಿಂದ ತುಮಕೂರಿಗೆ ಬಂದು ಎಂಬಿಬಿಎಸ್ ಓದ್ತಿರೋ ಹುಡುಗಿಯೊಬ್ಬಳು ಒಪಿಡಿಯಲ್ಲಿ ರೋಗಿ ಹೇಳಿದ್ದನ್ನ ಹಾಗೇ ಮೊಬೈಲಿನ ಚಾಟ್‌ಬಾಟಿಗೆ ಹಾಕಿದಾಗ, ಅದು ತುಂಬಾ ಗಂಭೀರವಾಗಿ "ಈ ವ್ಯಕ್ತಿಗೆ ಯಾರ ಮೇಲೋ ಅಸೂಯೆ ಇದೆ" ಅಂತ ಇಂಗ್ಲಿಷಿನಲ್ಲಿ ಹೇಳಿತಂತೆ. ಆ ಹುಡುಗಿ ಅದನ್ನ ನೋಡಿ, ರೋಗಿಯನ್ನ ನೋಡಿ, ಏನು ಕೇಳಬೇಕು ಅಂತ ತಿಳೀದೆ ಸುಮ್ಮನೆ ನಿಂತಿದ್ದಳಂತೆ :)

ಇದನ್ನ ನನಗೆ ಹೇಳಿ ಬಿದ್ದು ಬಿದ್ದು ನಕ್ಕಿದ್ದು ನನ್ನ ಚಿಕ್ಕಮ್ಮನ ಮಗಳು. ಊರು ಕುಣಿಗಲ್ ಹತ್ತಿರ. ಓದ್ತಿರೋದು ತುಮಕೂರಲ್ಲಿ, ಈಗ ಎಂಬಿಬಿಎಸ್ ಫೈನಲ್ ಇಯರ್. ತುಮಕೂರಲ್ಲಿ ಡಾಕ್ಟರಿಕೆ ಓದೋಕೆ ಜಾಗಕ್ಕೇನೂ ಬರ ಇಲ್ಲ ಬಿಡಿ. 1988ರಿಂದ ಸಿದ್ಧಾರ್ಥ ಮೆಡಿಕಲ್ ಕಾಲೇಜಿದೆ, ಆಮೇಲೆ ಶ್ರೀದೇವಿ ಬಂತು, ಈಚೆಗೆ ಸಿದ್ಧಗಂಗಾ ಮೆಡಿಕಲ್ ಕಾಲೇಜೂ ಬಂತು. ಇವಳದ್ದು ಯಾವುದು ಅಂತ ಹೇಳಲ್ಲ (ಹೇಳಿದ್ರೆ ಹೊಡೀತಾಳೆ).

ಅವಳು ಕಾಲೇಜು ಸೇರಿದ್ದು 2022ರ ನವೆಂಬರಿನಲ್ಲಿ. ಅದೇ ತಿಂಗಳ 30ನೇ ತಾರೀಕು ಚಾಟ್‌ಜಿಪಿಟಿ ಜಗತ್ತಿಗೆ ಬಂತು. ಅಂದ್ರೆ ಇವಳ ಬ್ಯಾಚು, ಮೊದಲ ದಿನ ಬಿಳಿ ಕೋಟು ಹಾಕ್ಕೊಂಡಾಗಿಂದ ಇವತ್ತಿನವರೆಗೂ, ಚಾಟ್‌ಬಾಟನ್ನ ಜೇಬಲ್ಲಿಟ್ಕೊಂಡೇ ಓದಿದ ಮೊದಲ ಬ್ಯಾಚು. ಇವರ ಸೀನಿಯರ್‌ಗಳಿಗೆ ಚೌರಾಸಿಯಾ, ರಾಬಿನ್ಸ್, ತ್ರಿಪಾಠಿ, ಪಾರ್ಕ್ ಅನ್ನೋ ದಪ್ಪ ದಪ್ಪ ಪುಸ್ತಕಗಳು ಗೊತ್ತು. ಇವರಿಗೂ ಗೊತ್ತು, ಆದ್ರೆ ಪಿಡಿಎಫ್ ಆಗಿ. ಅದನ್ನ ಬಾಟಿಗೆ ತಿನ್ನಿಸಿ "ಹತ್ತು ಮಾರ್ಕಿಗೆ ಎಷ್ಟು ಬೇಕೋ ಅಷ್ಟು ಹೇಳು" ಅಂತಾರೆ. 2025ರ ಜುಲೈನಲ್ಲಿ ಗೂಗಲ್ ನಮ್ಮ ದೇಶದ ಕಾಲೇಜು ವಿದ್ಯಾರ್ಥಿಗಳಿಗೆ ತನ್ನ ಎಐ ಚಂದಾವನ್ನ ಒಂದು ವರ್ಷಕ್ಕೆ ಪುಕ್ಕಟೆ ಕೊಡ್ತೀನಿ ಅಂತ ಹೊರಟಿತು. ಅದೇ ವರ್ಷ ನವೆಂಬರಲ್ಲಿ ಓಪನ್‌ಎಐ ಕೂಡ ಚಾಟ್‌ಜಿಪಿಟಿ ಗೋ ಅನ್ನೋದನ್ನ ಭಾರತದವರಿಗೆ ಒಂದು ವರ್ಷ ಫ್ರೀ ಮಾಡಿತು. ಹಾಸ್ಟೆಲ್ಲಿನಲ್ಲಿ ಇನ್ನೇನು ಬೇಕು?

ನಾನು ಸಾಫ್ಟ್‌ವೇರ್‌ನವನು. ದಿನಾ ಬೆಳಗಾದ್ರೆ ಇದರ ಜೊತೆಗೇ ನನ್ನ ಏಗಾಟ. ಹಾಗಾಗಿ ಇದರ ಮೇಲೆ ನನಗೆ ಭಕ್ತಿಯೂ ಇಲ್ಲ, ಭಯವೂ ಇಲ್ಲ. ಆದ್ರೆ ನಮ್ಮ ಕೋಡಲ್ಲಿ ತಪ್ಪಾದ್ರೆ ಸರ್ವರ್ ಬೀಳುತ್ತೆ, ಮತ್ತೆ ಎಬ್ಬಿಸ್ತೀವಿ. ಅವರ ಕೆಲಸ ಹಾಗಲ್ಲವಲ್ಲ.

ದೂರದಿಂದ ಡಾಕ್ಟರಿಕೆ ಕಲಿಯೋದು ಹೊಸದೇನಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಮೆಡಿಕಲ್ ಕಾಲೇಜುಗಳ ಹಾಸ್ಟೆಲ್ಲು ಖಾಲಿಯಾಗಿ, ಹುಡುಗರು ಊರಿಗೆ ಬಂದು, ತೆಂಗಿನ ತೋಟದಲ್ಲಿ ನೆಟ್‌ವರ್ಕ್ ಸಿಗೋ ಮರ ಯಾವುದು ಅಂತ ಹುಡುಕಿ ಅದರ ಬುಡದಲ್ಲಿ ಕೂತು ಅನಾಟಮಿ ಕೇಳಿದ್ರು. ಹೆಣ ಕೊಯ್ಯೋದನ್ನ ಆರಿಂಚಿನ ಪರದೆಯಲ್ಲಿ ನೋಡಿ ಕಲಿಯೋದು ಹೇಗಿರಬಹುದು ಅಂತ ನೀವೇ ಊಹಿಸ್ಕೊಳ್ಳಿ. ಅದಾದ ಎರಡು ವರ್ಷಕ್ಕೆ ಯುಕ್ರೇನಿನ ಯುದ್ಧ. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದದ್ದು ಯಾರೂ ಮರೆತಿರಲಾರರು. ಮೂರು ವಾರದ ಮೇಲೆ ದೇಹ ಊರಿಗೆ ಬಂದಾಗ ಅವರ ತಂದೆ ತಾಯಿ ಅದನ್ನ ದಾವಣಗೆರೆಯ ಎಸ್.ಎಸ್. ಆಸ್ಪತ್ರೆಗೆ ದಾನ ಮಾಡಿದ್ರು, ಮುಂದಿನ ವಿದ್ಯಾರ್ಥಿಗಳು ಕಲಿಯಲಿ ಅಂತ. ಅವತ್ತು ಟೀವಿಯಲ್ಲಿ ಅದನ್ನ ನೋಡ್ತಾ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಜೀವ ಉಳಿಸ್ಕೊಂಡು ವಾಪಸು ಬಂದ ಉಳಿದವರು ಮನೆಯಲ್ಲಿ ಕೂತು ಯುಕ್ರೇನಿನ ಮೇಷ್ಟ್ರುಗಳ ಪಾಠವನ್ನ ಆನ್‌ಲೈನಲ್ಲಿ ಕೇಳಿದ್ರು. ಅಷ್ಟರಿಂದಲೇ ಡಾಕ್ಟರ್ ಅಂತ ಒಪ್ಪೋಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ತಯಾರಿರಲಿಲ್ಲ. 2022ರ ಜುಲೈನಲ್ಲಿ, ಹಾಗೆ ಕೊನೆಯ ವರ್ಷ ಮುಗಿಸಿದವರು ಇಲ್ಲಿನ ಪರೀಕ್ಷೆ ಪಾಸಾದ ಮೇಲೆ ಒಂದು ವರ್ಷದ ಬದಲು ಎರಡು ವರ್ಷ ಇಂಟರ್ನ್‌ಶಿಪ್ ಮಾಡಬೇಕು ಅಂತ ಹೇಳಿತು. ಆಗ ಎಷ್ಟೋ ಜನ ಬೈದ್ರು. ನನಗೆ ಮಾತ್ರ ಅದು ಸರಿ ಅನ್ನಿಸಿತ್ತು, ಈಗಲೂ ಅನ್ನಿಸುತ್ತೆ. ರೋಗಿಯ ಹೊಟ್ಟೆ ಮೇಲೆ ಕೈಯಿಟ್ಟು ಕಲಿಯೋದನ್ನ ಝೂಮ್ ಕಲಿಸಲ್ಲ.

ಈಗಿನ ಕತೆ ಇನ್ನೂ ವಿಚಿತ್ರ. ಈಗ ಯಾರೂ ದೂರ ಇಲ್ಲ. ಹಾಸ್ಟೆಲ್ಲಿನಿಂದ ವಾರ್ಡಿಗೆ ಐದು ನಿಮಿಷದ ದಾರಿ. ಗುಬ್ಬಿ, ಕುಣಿಗಲ್, ಸಿರಾ, ಮಧುಗಿರಿ, ಪಾವಗಡ ಎಲ್ಲಾ ಕಡೆಯಿಂದ ರೋಗಿಗಳು ಬಂದು ಮಲಗಿರ್ತಾರೆ. ಆದ್ರೂ ಹುಡುಗರು ರೂಮಲ್ಲಿ ಬಾಗಿಲು ಹಾಕ್ಕೊಂಡು ಫೋನಿನ ಒಳಗಿರೋ ರೋಗಿಯನ್ನ ಓದ್ತಿರ್ತಾರೆ. ಕಾರಣ ಕೇಳಿದ್ರೆ ನೀಟ್ ಪಿಜಿ ಅಂತಾರೆ. ಅದರಲ್ಲಿ ನಾಲ್ಕು ಉತ್ತರದಲ್ಲಿ ಒಂದನ್ನ ಆರಿಸೋದು ಮುಖ್ಯ. ವಾರ್ಡಿನ ರೋಗಿ ಎ, ಬಿ, ಸಿ, ಡಿ ಅಂತ ಆಯ್ಕೆ ಕೊಡಲ್ಲ.

ಹೀಗಂತ ತಂಗಿಯ ಹತ್ತಿರ ಹೇಳಿದ್ದಕ್ಕೆ ಅವಳು ನನ್ನ ಮೇಲೇ ಹರಿಹಾಯ್ದಳು. "ನಿನಗೇನು ಗೊತ್ತಣ್ಣ, ರೌಂಡ್ಸಲ್ಲಿ ಒಬ್ಬ ಪೇಷೆಂಟಿನ ಸುತ್ತ ನಾವು ಮೂವತ್ತು ಜನ ನಿಂತಿರ್ತೀವಿ. ಹಿಂದೆ ನಿಂತವರಿಗೆ ಪೇಷೆಂಟಿನ ಕಾಲು ಮಾತ್ರ ಕಾಣುತ್ತೆ. ಗೊತ್ತಿಲ್ಲದ್ದನ್ನ ಕೇಳಿದ್ರೆ 'ಇಷ್ಟೂ ಗೊತ್ತಿಲ್ವಾ' ಅಂತಾರೆ. ಇದು ರಾತ್ರಿ ಎರಡು ಗಂಟೆಗೆ ಕೇಳಿದ್ರೂ ಬೈಯಲ್ಲ."

ಅವಳ ಮಾತಲ್ಲೂ ಸತ್ಯ ಇದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ. ಅವಳು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮೀಡಿಯಂ. ಫಸ್ಟ್ ಪಿಯುಸಿ ಬಹುಪಾಲು ಕೊರೋನಾದಲ್ಲಿ ಮೊಬೈಲ್ ಮೇಲೇ ಹೋಯ್ತು. ಎಂಬಿಬಿಎಸ್ ಸೇರಿದ ಮೊದಲ ಆರು ತಿಂಗಳು ರಾತ್ರಿ ಫೋನ್ ಮಾಡಿ ಅಳ್ತಿದ್ದಳು. ವಿಷಯ ಅರ್ಥ ಆಗದೆ ಅಲ್ಲ, ವಾಕ್ಯ ಅರ್ಥ ಆಗದೆ. ಆಗ ಅವಳ ಕೈ ಹಿಡಿದದ್ದು ಇದೇ ಬಾಟು. ಪುಸ್ತಕದ ಒಂದು ಪ್ಯಾರಾ ಹಾಕಿ "ಇದನ್ನ ಕನ್ನಡದಲ್ಲಿ ಹೇಳು" ಅಂದ್ರೆ, ಸ್ವಲ್ಪ ವಾರ್ತೆ ಓದಿದ ಹಾಗಿದ್ರೂ, ಹೇಳ್ತಿತ್ತು. ಇಂಗ್ಲಿಷ್ ಮೀಡಿಯಮ್ಮಿನ ಗೆಳತಿಯರ ಮುಂದೆ ಕೈ ಎತ್ತಿ ಕೇಳೋಕಾಗದ ಪ್ರಶ್ನೆಗಳನ್ನೆಲ್ಲ ಅದಕ್ಕೆ ಕೇಳಿದಳು. ಇದನ್ನ ಕಣ್ಣಾರೆ ಕಂಡ ಮೇಲೆ "ಎಐ ಬಂದು ಮಕ್ಕಳು ಕೆಟ್ಟು ಹೋದ್ರು" ಅಂತ ಸಾರಾಸಗಟಾಗಿ ಹೇಳೋಕೆ ನನ್ನ ಬಾಯಿ ಬರಲ್ಲ.

ಒಂದು ಸಲ ರಜೆಗೆ ಊರಿಗೆ ಬಂದಾಗ ಹೃದಯದ ವಾಲ್ವುಗಳ ಬಗ್ಗೆ ಓದ್ತಿದ್ದಳು. ಬಾಟು "ಹೃದಯದ ಕವಾಟಗಳು ಒಂದೇ ದಿಕ್ಕಿನಲ್ಲಿ ತೆರೆಯುವ ಬಾಗಿಲುಗಳಂತೆ" ಅಂತೇನೋ ಹೇಳ್ತಿತ್ತು. ಇವಳು ಅದನ್ನ ಜೋರಾಗಿ ಓದ್ಕೊಳ್ತಿದ್ದಳು. ಜಗುಲಿಯಲ್ಲಿ ಕೊಬ್ಬರಿ ಸುಲೀತಿದ್ದ ಚಿಕ್ಕಪ್ಪ ತಲೆ ಎತ್ತದೆ, "ಬಾಗ್ಲು ಯಾಕೆ, ಫುಟ್‌ವಾಲ್ವ್ ಅನ್ನಮ್ಮ" ಅಂದ್ರು. ತೋಟದ ಬಾವಿಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿರುತ್ತಲ್ಲ, ಅದು. ನೀರು ಮೇಲಕ್ಕೆ ಬಿಡುತ್ತೆ, ಕೆಳಕ್ಕೆ ಬಿಡಲ್ಲ. "ವಾಷರ್ ಸವೆದ್ರೆ ಏರಿಸಿದ ನೀರೆಲ್ಲ ವಾಪಸ್ ಇಳೀತದೆ, ಮೋಟ್ರು ಸುಮ್ನೆ ಒದ್ದಾಡ್ತದೆ. ಕಸ ಸಿಕ್ಕಂಡ್ರೆ ನೀರೇ ಏರಲ್ಲ, ಆಗ್ಲೂ ಮೋಟ್ರು ಒದ್ದಾಡ್ತದೆ." ತಂಗಿ ಪುಸ್ತಕ ಮುಚ್ಚಿಟ್ಟು ಅಪ್ಪನನ್ನೇ ನೋಡಿದಳು. ರಿಗರ್ಜಿಟೇಷನ್ನು, ಸ್ಟಿನೋಸಿಸ್ಸು, ಎರಡಕ್ಕೂ ಹೃದಯ ಯಾಕೆ ಸೋಲುತ್ತೆ ಅನ್ನೋದು, ಎಲ್ಲಾ ನಾಲ್ಕು ವಾಕ್ಯದಲ್ಲಿ ಮುಗೀತು. ಚಿಕ್ಕಪ್ಪ ಓದಿರೋದು ಏಳನೇ ಕ್ಲಾಸು.

ಇನ್ನೊಂದು ಕಡೆ ನೋಡಿದ್ರೆ ನಗು ಬರುತ್ತೆ. ಈಗಿನ ಎಂಬಿಬಿಎಸ್‌ನಲ್ಲಿ ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನ 'ದತ್ತು' ತಗೊಂಡು, ಓದು ಮುಗಿಯೋವರೆಗೂ ಅವರ ಆರೋಗ್ಯ ವಿಚಾರಿಸ್ತಾ ಇರಬೇಕು. ಒಳ್ಳೆ ಯೋಜನೆ. ಹಾಗೇ ರೋಗಿಗಳ ಜೊತೆ ಹೇಗೆ ನಡ್ಕೋಬೇಕು ಅನ್ನೋ ಪಾಠವೂ ಇದೆ, ಅದರ ಕೊನೆಗೆ "ನಿನಗೆ ಏನನ್ನಿಸಿತು" ಅಂತ ಲಾಗ್‌ಬುಕ್ಕಿನಲ್ಲಿ ಬರೀಬೇಕು. ಈ "ಏನನ್ನಿಸಿತು" ಅನ್ನೋದನ್ನ ಈಗ ಹೆಚ್ಚಿನವರು ಬಾಟಿಗೇ ಬಿಟ್ಟಿದ್ದಾರಂತೆ! ಹೀಗಾಗಿ ಒಂದೇ ದಿನ ಒಂದೇ ಹಳ್ಳಿಗೆ ಹೋದ ಇಪ್ಪತ್ತು ಜನರಿಗೂ ಒಂದೇ ಥರ ಮನ ಕಲಕಿರುತ್ತೆ, ಇಪ್ಪತ್ತು ಜನರಿಗೂ 'ಸಹಾನುಭೂತಿಯ ಮಹತ್ವ' ಅರಿವಾಗಿರುತ್ತೆ. ಹೆಬ್ಬೂರು ಕಡೆಯ ಹಳ್ಳಿಯಲ್ಲಿ ನಿಜವಾಗಿ ಆದದ್ದೇನು ಅಂದ್ರೆ, ಇವಳಿಗೆ ಸಿಕ್ಕ ಮನೆಯ ಯಜಮಾನಿ "ಬಿಪಿ ನೋಡೋದಿರ್ಲಿ, ಮೊದ್ಲು ಕಾಫಿ ಕುಡಿ" ಅಂತ ಕೂರಿಸಿ, "ನಿಮ್ಮಪ್ಪ ಎಷ್ಟು ಖರ್ಚು ಮಾಡಿದ್ರು ನಿನ್ನ ಓದಿಗೆ?" ಅಂತ ಇವಳದ್ದೇ ಹಿಸ್ಟರಿ ತಗೊಂಡ್ರಂತೆ. ಅದನ್ನ ಬರೀಬಹುದಿತ್ತಲ್ಲ ಅಂದ್ರೆ, "ಅದಕ್ಕೆ ಮಾರ್ಕ್ಸ್ ಬರಲ್ಲ ಕಣಣ್ಣ" ಅಂದಳು.

ಇರಲಿ. ಈಗ ದೀಪಾವಳಿಯ ವಿಷಯಕ್ಕೆ ಬರ್ತೀನಿ.

2025ರ ದೀಪಾವಳಿಗೆ ಅಮ್ಮ, ಚಿಕ್ಕಮ್ಮ ಎಲ್ಲಾ ತವರಿಗೆ, ಅಂದ್ರೆ ಗುಬ್ಬಿ ತಾಲ್ಲೂಕಿನ ನಮ್ಮಜ್ಜಿಯ ಊರಿಗೆ ಬಂದಿದ್ರು. ನಾವು ಮೊಮ್ಮಕ್ಕಳೂ ಇದ್ವಿ. ಅಜ್ಜಿಗೆ ಎಪ್ಪತ್ತನಾಲ್ಕು, ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ ಇದೆ. ಹಬ್ಬದ ದಿನ ಬೆಳಗ್ಗೆ ಕೊಟ್ಟಿಗೆಯಿಂದ ಬಂದವಳೇ ನಡುಮನೆಯ ಕಂಬಕ್ಕೆ ಒರಗಿ ಕೂತು, "ಯಾಕೋ ಸಂಕ್ಟ ಕಣ್ರೋ... ಒಂಥರಾ ಸಂಕ್ಟ" ಅಂದಳು. ಎದೆ ನೋವಾ ಅಂತ ಅಮ್ಮ ಕೇಳಿದ್ಲು. "ನೋವಿಲ್ಲ, ಸಂಕ್ಟ." ಹಬ್ಬದ ಗಡಿಬಿಡಿ, ಖಾಲಿ ಹೊಟ್ಟೆ, ಗ್ಯಾಸ್ ಇರಬೇಕು ಅಂತ ಯಾರೋ ಜೀರಿಗೆ ನೀರು ಕಾಯಿಸೋಕೆ ಹೋದ್ರು. ಮಾವನ ಮಗ, ಪಿಯುಸಿ ಓದ್ತಿರೋನು, ಫೋನ್ ತೆಗೆದು ಬಾಟಿಗೆ ಕೇಳೇಬಿಟ್ಟ: ನಮ್ಮಜ್ಜಿಗೆ ಸಂಕಟ ಆಗ್ತಿದೆ, ಏನು ಮಾಡಬೇಕು?

ಬಾಟು ಬಹಳ ಚೆಂದದ ಕನ್ನಡದಲ್ಲಿ ಉತ್ತರ ಕೊಟ್ಟಿತು. ನಿಮ್ಮ ಅಜ್ಜಿ ಸಂಕಟದಲ್ಲಿರುವುದು ತಿಳಿದು ಬೇಸರವಾಯಿತು, ವಯಸ್ಸಾದವರಲ್ಲಿ ಒಂಟಿತನ, ಚಿಂತೆ ಸಾಮಾನ್ಯ, ಅವರ ಪಕ್ಕ ಕುಳಿತು ಮಾತನಾಡಿ, ದೀರ್ಘವಾಗಿ ಉಸಿರಾಡಲು ಹೇಳಿ, ಮುಂದುವರಿದರೆ ವೈದ್ಯರನ್ನು ಕಾಣಿ. ಅವನು ಅದನ್ನ ಓದಿ ಹೇಳ್ತಾ ಇದ್ದ ಹಾಗೇ ತಂಗಿ ಅಡುಗೆ ಮನೆಯಿಂದ ಕೈ ಒರೆಸ್ಕೊಳ್ತಾ ಬಂದಳು. ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮುಂಗೈ ಹಿಡಿದಳು. ಹಿಡಿದವಳ ಮುಖ ಬದಲಾಯ್ತು.

"ಅಜ್ಜಿ, ಬೆವರು ಯಾವಾಗಿಂದ?"

"ಆವಾಗ್ಲೇ ಸಗಣಿ ಬಾಚ್ತಿದ್ದಾಗ ಬಂತು ಮಗ. ಮೈಯೆಲ್ಲ ನೀರಾಯ್ತು."

"ಸಂಕ್ಟ ಎಲ್ಲಿ ಆಗ್ತೈತೆ, ಕೈಯಿಟ್ಟು ತೋರ್ಸು."

ಅಜ್ಜಿ ಬೆರಳಿಟ್ಟು ತೋರಿಸಲಿಲ್ಲ. ಎದೆಗುಂಡಿಯ ಮೇಲೆ ಇಡೀ ಅಂಗೈ ಇಟ್ಟಳು. ಹೊಟ್ಟೆ ತೊಳಸ್ತೈತಾ ಅಂದ್ರೆ ಹೂಂ ಅಂದಳು. ತಂಗಿ ನನ್ನ ಕಡೆ ತಿರುಗಿ, "ಅಣ್ಣ, ಕಾರ್ ತೆಗಿ" ಅಂದಳು, ಅಷ್ಟೇ.

ಗುಬ್ಬಿಗೆ ಹೋದ್ವಿ. ಇಸಿಜಿ ತೆಗೆದ್ರು. ಹಾರ್ಟ್ ಅಟ್ಯಾಕ್. ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಟ್ಟು ಮುಂದಕ್ಕೆ ಕಳಿಸಿದ್ರು, ಆಮೇಲೆ ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿದ್ರು. ಅಜ್ಜಿ ಈಗ ಮತ್ತೆ ಕೊಟ್ಟಿಗೆಗೆ ಹೋಗೋಕೆ ಜಗಳ ಆಡ್ತಾಳೆ. ತುಂಬಾ ವರ್ಷದಿಂದ ಸಕ್ಕರೆ ಕಾಯಿಲೆ ಇರೋರಿಗೆ ನರಗಳು ಮಂಕಾಗಿ ಎದೆ ನೋವು ಸರಿಯಾಗಿ ಗೊತ್ತಾಗದೆ ಇರಬಹುದು, ಬರೀ ಬೆವರು, ವಾಕರಿಕೆ, ಸುಸ್ತು, ಈ 'ಸಂಕಟ' ಇಷ್ಟೇ ಇರಬಹುದು ಅಂತ ತಂಗಿ ಆಮೇಲೆ ವಿವರಿಸಿದಳು. ಇದು ಅವಳ ಪುಸ್ತಕದಲ್ಲೂ ಇದೆ, ಬಾಟಿಗೂ ಗೊತ್ತು. ಇಂಗ್ಲಿಷಿನಲ್ಲಿ ಸರಿಯಾದ ಪದ ಹಾಕಿ ಕೇಳಿದ್ರೆ ತಕ್ಷಣ ಹೇಳುತ್ತೆ, ನಾನೇ ಆಮೇಲೆ ಕೇಳಿ ನೋಡಿದೆ. ಅದಕ್ಕೆ ಗೊತ್ತಿಲ್ಲದೆ ಇದ್ದದ್ದು ಹೃದಯದ ವಿಷಯ ಅಲ್ಲ, ಅಜ್ಜಿಯ ಕನ್ನಡ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಹೃದಯದ ವಿಷಯದಲ್ಲಿ ದೂರದಿಂದ ಎಐ ನಿಜವಾಗಿ ಉಪಯೋಗಕ್ಕೆ ಬರೋ ಕಡೆಯೂ ಇದೆ. ನಮ್ಮ ರಾಜ್ಯದಲ್ಲಿ 2023ರ ನವೆಂಬರಿನಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನ ಎಐ ಸಹಾಯದಿಂದ ಕೆಲವೇ ನಿಮಿಷದಲ್ಲಿ ಓದಿ, ಜಯದೇವದಂಥ ದೊಡ್ಡ ಆಸ್ಪತ್ರೆಗೆ ಜೋಡಿಸಿ, ಇಂಜೆಕ್ಷನ್ನನ್ನ ಅಲ್ಲೇ ಕೊಡೋ ವ್ಯವಸ್ಥೆ ಇದೆ. ಇಸಿಜಿಯ ಗೆರೆ ಗುಬ್ಬಿಯಲ್ಲೂ ಬೋಸ್ಟನ್ನಿನಲ್ಲೂ ಒಂದೇ. ಮಾತು ಹಾಗಲ್ಲ.

ಯಾಕೆ ಹೀಗೆ ಅನ್ನೋದಕ್ಕೆ ನನ್ನ ಕಸುಬಿನ ವಿವರಣೆ ಸ್ವಲ್ಪ (ಬೋರಾದ್ರೆ ಮುಂದಿನ ಪ್ಯಾರಾಕ್ಕೆ ಹಾರಿ). ಬಾಟು ನಮ್ಮ ಹಾಗೆ ಪದ ಓದಲ್ಲ. ಪಠ್ಯವನ್ನ ಚೂರು ಚೂರು ಮಾಡಿ, ಒಂದು ಚೂರಿನ ಮುಂದೆ ಇನ್ಯಾವ ಚೂರು ಬರಬಹುದು ಅಂತ ಲೆಕ್ಕ ಹಾಕುತ್ತೆ. ಯುನಿಕೋಡಿನಲ್ಲಿ 'ಸ್ತ್ರೀ' ಅನ್ನೋ ನಮ್ಮ ಒಂದೇ ಅಕ್ಷರ ಆರು ಸಂಕೇತ, ಯುಟಿಎಫ್-8ನಲ್ಲಿ ಹದಿನೆಂಟು ಬೈಟು. 'ಸಂಕಟ' ಹನ್ನೆರಡು ಬೈಟು. ಇಂಗ್ಲಿಷಿನಲ್ಲಿ ಒಂದಕ್ಷರಕ್ಕೆ ಒಂದೇ ಬೈಟು. ಆದ್ರೆ ಅಸಲಿ ತೊಂದರೆ ಇದಲ್ಲ. ಅದು ಕಲಿಯೋದು ಬರೆದಿಟ್ಟದ್ದರಿಂದ. ಬರಹ, ನುಡಿ ಅಂತ ಒದ್ದಾಡಿ, ಆಮೇಲೆ ಯುನಿಕೋಡಿಗೆ ಬಂದು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಗಿ, ಪತ್ರಿಕೆಗಳು ನೆಟ್ಟಿಗೆ ಬಂದು, ನಮ್ಮಂಥವರು ಮನಸ್ಸಿಗೆ ಬಂದದ್ದನ್ನೆಲ್ಲ ಗೀಚಿ ತುಂಬಿಸಿದ್ದೇ ಅದಕ್ಕೆ ಸಿಕ್ಕಿದ ಕನ್ನಡ. ಪತ್ರಿಕೆಯಲ್ಲಿ 'ಸಂಕಟ' ಅಂದ್ರೆ ರೈತರ ಸಂಕಟ, ಸಂತ್ರಸ್ತರ ಸಂಕಟ. ಎದೆಗುಂಡಿಯ ಮೇಲೆ ಅಂಗೈ ಇಟ್ಟು ಹೇಳೋ ಸಂಕಟವನ್ನ ಯಾರು ಬರೆದಿದ್ದಾರೆ?

ದೀಪಾವಳಿ ಮುಗಿದು ಹದಿನೈದು ದಿನಕ್ಕೆ ತಂಗಿಯ ಫೋನ್ ಬಂತು. ಅವಳ ಕ್ಲಾಸಲ್ಲಿ ರಾಜಸ್ಥಾನ, ಕೇರಳ, ಬಿಹಾರದಿಂದ ಬಂದವರು ತುಂಬಾ ಜನ. ಮೊದಲ ವರ್ಷದ ಫೌಂಡೇಷನ್ ಕೋರ್ಸಿನಲ್ಲಿ ಅವರಿಗೆ ಸ್ವಲ್ಪ ಕನ್ನಡ ಹೇಳಿಕೊಡ್ತಾರೆ, "ನಿಮ್ಮ ಹೆಸರೇನು, ಎಲ್ಲಿ ನೋವಿದೆ" ಅನ್ನೋಷ್ಟು. ಕೇಳೋಕೆ ಅಷ್ಟು ಸಾಕು, ಉತ್ತರ ತಿಳಿಯೋಕೆ ಸಾಲದು. "ಅವತ್ತು ಅಜ್ಜಿ ಮುಂದೆ ನನ್ನ ಬದಲು ಅವಳು ಕೂತಿದ್ದಿದ್ರೆ?" ಅಂದಳು. ಅವಳು ಅಂದ್ರೆ ಹೊಟ್ಟೆ ಉರಿ ಖ್ಯಾತಿಯ ಹುಡುಗಿ. ಅವಳೇ ಕ್ಲಾಸಿಗೆ ಫಸ್ಟ್ ಅಂತೆ. "ನೀನು ಸಾಫ್ಟ್‌ವೇರ್ ಅಲ್ವಾ, ನಮ್ಮ ಅಜ್ಜಿ ಥರ ಮಾತಾಡೋ ಪೇಷೆಂಟ್ ಒಂದು ಮಾಡ್ಕೊಡು, ರೂಮಲ್ಲೇ ಪ್ರಾಕ್ಟೀಸ್ ಮಾಡ್ತಾರೆ."

ಇಂಥ ರೋಗಿ-ನಾಟಕಕ್ಕೆ ದೊಡ್ಡ ಚರಿತ್ರೆಯೇ ಇದೆ. 1963ರಲ್ಲಿ ಲಾಸ್ ಏಂಜಲೀಸಿನ ಹೊವಾರ್ಡ್ ಬ್ಯಾರೋಸ್ ಅನ್ನೋ ನರರೋಗ ತಜ್ಞರು ಆರೋಗ್ಯವಾಗಿರೋ ಒಬ್ಬ ಹೆಂಗಸಿಗೆ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದ್ರು. ಈಗ ಜಗತ್ತಿನ ಎಷ್ಟೋ ಮೆಡಿಕಲ್ ಕಾಲೇಜುಗಳಲ್ಲಿ ಅದು ಮಾಮೂಲು. ಕಂಪ್ಯೂಟರಿನ ಕಡೆ ಬಂದ್ರೆ, 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಮಾಡಿದ ಎಲೈಜಾ ಡಾಕ್ಟರಿನ ಪಾತ್ರ ಮಾಡ್ತಿತ್ತು. 1972ರಲ್ಲಿ ಸ್ಟ್ಯಾನ್‌ಫರ್ಡಿನ ಮನೋವೈದ್ಯ ಕೆ‌ನೆತ್ ಕೋಲ್ಬಿ 'ಪ್ಯಾರಿ' ಅನ್ನೋ ಪ್ರೋಗ್ರಾಮು ಬರೆದ್ರು, ಅದು ಎಲ್ಲರ ಮೇಲೂ ಅನುಮಾನ ಪಡೋ ರೋಗಿಯ ಪಾತ್ರದ್ದು. ಅದೇ ವರ್ಷ ಇವೆರಡನ್ನೂ ನೆಟ್‌ವರ್ಕಿನ ಮೇಲೆ ಮಾತಿಗೆ ಬಿಟ್ರಂತೆ. ಡಾಕ್ಟರ್ ಮೆಷೀನು, ರೋಗಿ ಮೆಷೀನು, ಇಬ್ಬರಿಗೂ ಅರ್ಥ ಆಗದ ಮಾತುಕತೆ! ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಆಡಿಸಿದ್ರೆ ಟಿಕೆಟ್ ಖರ್ಚಾಗ್ತಿತ್ತು.

ನಾನು ಎರಡು ಶನಿವಾರ-ಭಾನುವಾರ ಕೂತೆ. ಮಾಡಬೇಕಾದ್ದು ಬಹಳ ಏನಿಲ್ಲ, ಇರೋ ಬಾಟಿಗೇ ಒಂದು ಪಾತ್ರ ಬರೆದುಕೊಡೋದು. ನೀನು ಗುಬ್ಬಿ ತಾಲ್ಲೂಕಿನ ಅರವತ್ತೈದು ವರ್ಷದ ಹೆಂಗಸು, ನಿನಗೆ ನಿನ್ನ ಕಾಯಿಲೆಯ ಹೆಸರು ಗೊತ್ತಿಲ್ಲ, ಕೇಳಿದಷ್ಟೇ ಹೇಳು. ಮೊದಲ ಸಲ ಅದು ಹೇಳಿದ್ದು: "ಡಾಕ್ಟರೇ, ಕಳೆದ ಮೂರು ದಿನಗಳಿಂದ ನನ್ನ ಎದೆಯ ಎಡಭಾಗದಲ್ಲಿ ತೀವ್ರವಾದ ನೋವು ಕಾಣಿಸಿಕೊಳ್ಳುತ್ತಿದ್ದು, ಅದು ಎಡಗೈಗೆ ಹರಡುತ್ತಿದೆ." ಪ್ರದೇಶ ಸಮಾಚಾರ ಕೇಳಿದ ಹಾಗಾಯ್ತು. ತಂಗಿ ಓದಿ, "ಈ ಅಜ್ಜಿ ಡಾಕ್ಟರ್ ಆಗಿ ರಿಟೈರ್ ಆಗಿರಬೇಕು" ಅಂದಳು.

ಆಮೇಲೆ ಶುರುವಾಯ್ತು ಪದಗಳ ಬೇಟೆ. ತಂಗಿ ವಾರ್ಡಿನಲ್ಲಿ ಕೇಳಿದ್ದನ್ನೆಲ್ಲ ಹಾಗೇ ಬರ್ಕೊಂಡು ಕಳಿಸೋಕೆ ಶುರು ಮಾಡಿದಳು. ನನಗೆ ಆಗಲೇ ಗೊತ್ತಾಗಿದ್ದು, ನಮ್ಮ ಜನ ಎಷ್ಟು ನಿಖರವಾಗಿ ಮಾತಾಡ್ತಾರೆ ಅಂತ. 'ತಲೆ ಸುತ್ತು' ಬೇರೆ, 'ಕಣ್ಣು ಕತ್ಲೆ' ಬೇರೆ. ಮೊದಲನೆಯದು ಮನೆಯೇ ತಿರುಗಿದ ಹಾಗೆ, ಕಿವಿಯ ಒಳಗಿನ ತೊಂದರೆ ಇರಬಹುದು. ಎರಡನೆಯದು ಎದ್ದು ನಿಂತಾಗ ಬಿಪಿ ಬೀಳೋದು ಇರಬಹುದು. ಇಂಗ್ಲಿಷಿನವರು ಎರಡಕ್ಕೂ ಒಂದೇ ಪದ ಹೇಳಿ, ಡಾಕ್ಟರು ಮತ್ತೆ ಬಿಡಿಸಿ ಕೇಳಬೇಕಾಗುತ್ತಂತೆ. ಹೊಟ್ಟೆ ಒಂದನ್ನೇ ತಗೊಳ್ಳಿ: ತೊಳಸೋದು, ನುಲಿಯೋದು, ಉಬ್ಬರಿಸೋದು, ಉರಿಯೋದು, ಕಚ್ಚೋದು. ನೋವಲ್ಲಿ ಸಿಡಿತ, ಸೆಳೆತ, ಚಳುಕು. ಜೋಮು ಬೇರೆ. ಉಬ್ಬಸ ಬೇರೆ, ಏದುಸಿರು ಬೇರೆ. 'ಸರ್ಪಸುತ್ತು' ಅಂದ್ರೆ ಹರ್ಪಿಸ್ ಜೋಸ್ಟರ್ ಅಂತ ಒಂದು ಕಡೆ ಬರೆದಿಟ್ರೆ ಕೇರಳದ ಹುಡುಗ ಹಾವು ಕಚ್ಚಿದ್ದಕ್ಕೆ ಇಂಜೆಕ್ಷನ್ ಹುಡುಕೋದು ತಪ್ಪುತ್ತೆ. 'ಬಿಳಿ ಹೋಗ್ತೈತೆ' ಅನ್ನೋದನ್ನ ಹೆಂಗಸರು ಎಷ್ಟು ಮೆಲ್ಲಗೆ ಹೇಳ್ತಾರೆ ಅಂದ್ರೆ, ಗೊತ್ತಿಲ್ಲದವರಿಗೆ ಅವರು ಏನೋ ಹೇಳಿದ್ರು ಅನ್ನೋದೇ ಗೊತ್ತಾಗಲ್ಲ.

ಪದ ಹಾಕಿದ ಮೇಲೆ ಬಾಟು ಸುಮಾರಾಗಿ ಅಜ್ಜಿ ಥರ ಆಯ್ತು. ಆದ್ರೆ ಇನ್ನೊಂದು ತೊಂದರೆ: ಅದು ಸುಳ್ಳು ಹೇಳ್ತಿರಲಿಲ್ಲ. ನಿಜವಾದ ರೋಗಿಗಳು ಹೇಳ್ತಾರೆ. ಕಡ್ಡಿಪುಡಿ ಹಾಕಲ್ಲ ಅಂತಾರೆ, ಸೆರಗಿನ ಗಂಟಲ್ಲಿ ಇರುತ್ತೆ. ಸಕ್ಕರೆ ಮಾತ್ರೆ ತಪ್ಪಿಸಿಲ್ಲ ಅಂತಾರೆ, ನಾಟಿ ಔಷಧಿ ಶುರು ಮಾಡಿ ಆರು ತಿಂಗಳಾಗಿರುತ್ತೆ. ಅದಕ್ಕೇ ಪಾತ್ರದಲ್ಲಿ "ಇದನ್ನ ಮುಚ್ಚಿಡು" ಅಂತ ಬರೆದೆ. ಮುಚ್ಚಿಡುತ್ತೆ, ಆದ್ರೆ ಎರಡನೇ ಸಲ ಕೇಳಿದ್ರೆ "ಕ್ಷಮಿಸಿ ಡಾಕ್ಟರೇ, ನಿಜ ಹೇಳ್ತೀನಿ" ಅಂತ ಒಪ್ಕೊಂಡು ಬಿಡುತ್ತೆ. ನಮ್ಮಜ್ಜಿ ಹನ್ನೆರಡು ವರ್ಷದಿಂದ ಬೆಲ್ಲದ ಡಬ್ಬಿಯ ವಿಷಯ ಒಪ್ಕೊಂಡಿಲ್ಲ.

ಒಂದು ನಿಯಮ ಮಾತ್ರ ತಂಗಿ ಖಡಾಖಂಡಿತ ಇಟ್ಟಿದ್ದಾಳೆ: ಇದು ರೋಗಿಯ ಪಾತ್ರ ಮಾತ್ರ ಮಾಡಬೇಕು, ಡಾಕ್ಟರಿನದ್ದು ಬೇಡ. ಕಾರಣ ಇಲ್ಲದೆ ಇಲ್ಲ. 2023ರ ಫೆಬ್ರವರಿಯಲ್ಲೇ ಚಾಟ್‌ಜಿಪಿಟಿ ಅಮೆರಿಕದ ವೈದ್ಯರ ಪರೀಕ್ಷೆಯ ಮೂರೂ ಹಂತದಲ್ಲಿ ಪಾಸಿನ ಗೆರೆಯ ಹತ್ತಿರ ಬಂತು ಅಂತ ಪ್ರಬಂಧ ಬಂದು ಎಲ್ಲರೂ ಬೆರಗಾಗಿದ್ರು. 2025ರ ಆಗಸ್ಟಿನಲ್ಲಿ ಇನ್ನೊಂದು ವರದಿ ಬಂತು. ಅಮೆರಿಕದ ಅರವತ್ತು ವರ್ಷದ ಒಬ್ಬರು ಊಟದಲ್ಲಿ ಉಪ್ಪು ಬಿಡಬೇಕು ಅಂತ ಚಾಟ್‌ಜಿಪಿಟಿಯನ್ನ ಕೇಳಿ, ಉಪ್ಪಿನ ಬದಲು ಸೋಡಿಯಂ ಬ್ರೋಮೈಡ್ ತರಿಸಿ ಮೂರು ತಿಂಗಳು ತಿಂದು, ಪಕ್ಕದ ಮನೆಯವನು ವಿಷ ಹಾಕ್ತಿದ್ದಾನೆ ಅಂತ ಆಸ್ಪತ್ರೆಗೆ ಬಂದಿದ್ರು. ಬ್ರೋಮೈಡ್ ವಿಷ ನೂರು ವರ್ಷದ ಹಿಂದಿನ ಕಾಯಿಲೆ, ಈಗಿನ ಡಾಕ್ಟರುಗಳು ಬರೀ ಪುಸ್ತಕದಲ್ಲಿ ನೋಡಿರೋದು. ಪಾಸಿನ ಗೆರೆಯೂ ಅದೇ ಮೆಷೀನು, ಬ್ರೋಮೈಡೂ ಅದೇ ಮೆಷೀನು.

ರಾಜಸ್ಥಾನದ ಹುಡುಗಿ ಈಗ ದಿನಾ ರಾತ್ರಿ ಅರ್ಧ ಗಂಟೆ ನಮ್ಮ ಮೆಷೀನ್ ಅಜ್ಜಿಯ ಜೊತೆ ಮಾತಾಡ್ತಾಳಂತೆ, ಬೆಳಗ್ಗೆ ವಾರ್ಡಿಗೆ ಹೋಗಿ ಅಸಲಿ ಅಜ್ಜಿಯರ ಹತ್ತಿರ ಅದನ್ನ ಪ್ರಯೋಗ ಮಾಡ್ತಾಳಂತೆ. "ಸಂಕ್ಟ ಐತಾ ಅಜ್ಜಿ?" ಅಂತ ಅವಳು ಕೇಳಿದಾಗ ಇಡೀ ವಾರ್ಡು ತಿರುಗಿ ನೋಡಿತಂತೆ. ಒಬ್ಬ ಅಜ್ಜಿಯಂತೂ "ಯಾವೂರವ್ವ ನೀನು, ನಿಟ್ಟೂರಾ?" ಅಂತ ಕೇಳಿದ್ರಂತೆ. ಅವಳಿಗೆ ಅದು ಗುಬ್ಬಿ ತಾಲ್ಲೂಕಿನ ಊರು ಅಂತ ಗೊತ್ತಿಲ್ಲ, ಹೂಂ ಅಂದುಬಿಟ್ಟಿದ್ದಾಳೆ. ಆಮೇಲೆ ಆ ಅಜ್ಜಿ ಯಾರ ಮನೆ, ಯಾವ ಕೇರಿ ಅಂತ ಶುರು ಮಾಡಿದಾಗ ತಂಗಿಯನ್ನ ಕೂಗಿದ್ದಾಳೆ.

ಪಟ್ಟಿಯಲ್ಲಿ ಈಗ ನೂರಾ ನಲವತ್ತು ಚಿಲ್ಲರೆ ಪದಗಳಾಗಿವೆ. ಹೆಚ್ಚಿನವು ಗುಬ್ಬಿ, ಕುಣಿಗಲ್ ಕಡೆಯವು. ಪಾವಗಡ, ಮಧುಗಿರಿಯವು ಕಮ್ಮಿ, ಅಲ್ಲಿ ತೆಲುಗೂ ಸೇರ್ಕೊಳ್ಳುತ್ತೆ. ಒಂದೇ ಒಂದು ಸಾಲು ಮಾತ್ರ ಇನ್ನೂ ಖಾಲಿ: 'ನರ ಎಳೀತೈತೆ'. ಇದಕ್ಕೆ ಏನು ಬರೀಬೇಕು ಅಂತ ತಂಗಿ ಮೂರು ಜನ ರೋಗಿಗಳನ್ನ ಕೇಳಿದ್ರೆ ಒಬ್ಬರು ಮೀನಖಂಡ ತೋರಿಸಿದ್ರು, ಒಬ್ಬರು ಕುತ್ತಿಗೆ, ಇನ್ನೊಬ್ಬರು "ಎಲ್ಲಾ ಕಡೆ ಕಣವ್ವ" ಅಂದ್ರು. ನಿಮ್ಮೂರ ಕಡೆ ನರ ಎಳೆಯೋದು ಅಂದ್ರೆ ಎಲ್ಲಿ, ಹೇಗೆ? ಅಜ್ಜಿಯನ್ನೋ ಅತ್ತೆಯನ್ನೋ ಕೇಳಿ ಹೇಳಿ. ಕೈಯಿಟ್ಟು ತೋರಿಸೋಕೆ ಹೇಳಿ, ಬೆರಳಾ ಅಂಗೈಯಾ ಅದನ್ನೂ ಬರೀರಿ.